ತವರಿನಿಂದ ಕೂಸಿನ ಜೊತೆ ಮನೆಗೆ ಬಂದ ಮೇಲೆ ಮನೆಗೆಲಸ ಹೊಂದಿಸಿಕೊಳ್ಳೋದು ಹೇಗೆ?

ಚಳ್ಳಕೆರೆಯ ತವರಲ್ಲಿ ಬಾಣಂತನ ಮುಗಿಸಿಕೊಂಡು ನಾನು ದಾವಣಗೆರೆಗೆ ಬಂದದ್ದು ಮಾರ್ಚ್ ತಿಂಗಳಲ್ಲಿ. ಮಗಳಿಗೆ ಐದು ತಿಂಗಳು ತುಂಬುವುದರಲ್ಲಿತ್ತು. ತವರಲ್ಲಿ ಅವ್ವ, ಅಜ್ಜಿ, ಚಿಕ್ಕಮ್ಮ ಮೂವರೂ ಸುತ್ತ ಇದ್ದರು. ಹೊತ್ತು ಹೊತ್ತಿಗೆ ಬಿಸಿ ಅನ್ನ, ಮೆಣಸಿನ ಸಾರು ಮುಂದೆ ಬರುತ್ತಿತ್ತು. ಕೂಸಿಗೆ ಹಾಲು ಕೊಡುವುದು, ಮಲಗುವುದು, ಇವೆರಡೇ ನನ್ನ ಕೆಲಸ.

ಇಲ್ಲಿಗೆ ಬಂದ ಮೂರನೇ ದಿನ ನಸುಕಿನ ನಾಲ್ಕು ಗಂಟೆಗೆ ನಲ್ಲಿಯಲ್ಲಿ ನೀರು ಬಂತು. ಯಜಮಾನರು ಹರಿಹರದ ಕಡೆ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯಲ್ಲಿದ್ದರು. ಮಗಳು ಹಾಲು ಕುಡಿಯುತ್ತಾ ಅರೆನಿದ್ದೆಗೆ ಜಾರಿದ್ದಳು. ನಾನು ಎದ್ದರೆ ಅವಳು ಏಳುತ್ತಾಳೆ, ಏಳದಿದ್ದರೆ ಮುಂದಿನ ಸರದಿಯವರೆಗೆ ನೀರಿಲ್ಲ. ಎದ್ದೆ. ಕೂಸನ್ನು ಹೆಗಲಿಗೆ ಹಾಕಿಕೊಂಡು ಒಂದೇ ಕೈಯಲ್ಲಿ ಸಂಪಿನ ವಾಲ್ವ್ ತಿರುಗಿಸಿ, ಕುಡಿಯುವ ನೀರಿಗೆ ಕೊಡ ಇಟ್ಟೆ. ಕೊಡ ತುಂಬಿ ಅಂಗಳಕ್ಕೆ ಹರಿಯಿತು. ಅದನ್ನು ಎತ್ತಿಡಲು ನನಗೆ ಕೈ ಇರಲಿಲ್ಲ. ಅವಳು ಕಿರುಚುತ್ತಿದ್ದಳು, ನಾನು ಬಚ್ಚಲ ಕಟ್ಟೆಯ ಮೇಲೆ ಕೂತು ಅತ್ತೆ.

ಅವತ್ತು ಸಂಜೆ ಇಬ್ಬರೂ ಕೂತು ಮಾತಾಡಿದಾಗ ಒಂದು ವಿಷಯ ಎದ್ದು ಕಂಡಿತು. ನೀರು ಯಾವತ್ತು ಬರುತ್ತದೆ, ಸಿಲಿಂಡರ್ ಎಷ್ಟು ದಿನ ಬರುತ್ತದೆ, ಹಾಲು ಇದೆಯೋ ಇಲ್ಲವೋ, ಲಸಿಕೆ ಯಾವತ್ತು, ಎಲ್ಲವೂ ನನ್ನೊಬ್ಬಳ ತಲೆಯಲ್ಲಿತ್ತು. ಹೇಳಿದ ಕೆಲಸವನ್ನು ಅವರು ಯಾವತ್ತೂ ತಪ್ಪಿಸಿದವರಲ್ಲ. ಆದರೆ ನೆನಪಿಟ್ಟುಕೊಂಡು ಹೇಳುವುದೇ ಒಂದು ಕೆಲಸ ಅನ್ನುವುದು ಅವರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಆಮೇಲಿನ ಎರಡು ತಿಂಗಳಲ್ಲಿ ನಾವು ಮನೆಯನ್ನು ಹಳಿಗೆ ತಂದದ್ದು ಹೀಗೆ. ತವರಿನಿಂದ ಮರಳುವ ದಿನ ಹತ್ತಿರ ಬಂದಿರುವವರಿಗೆ ಇದು ಉಪಯೋಗಕ್ಕೆ ಬರಲಿ ಅಂತ ವಿವರವಾಗಿ ಬರೆಯುತ್ತಿದ್ದೇನೆ.

ಹಂತ 1: ಬರುವುದಕ್ಕೆ ಒಂದು ವಾರ ಮೊದಲು

ಈ ವಾರದ ಕೆಲಸ ಗಂಡನದು. ನಾವು ತಡವಾಗಿ ಕಲಿತೆವು, ನೀವು ಮೊದಲೇ ಮಾಡಿಸಿ. ಸಂಪು ಮತ್ತು ಮೇಲಿನ ಟ್ಯಾಂಕು ತೊಳೆಸಬೇಕು. ಸಂಪಿಗೆ ತೇಲುವ ಬಾಲ್ ವಾಲ್ವ್ ಇಲ್ಲದಿದ್ದರೆ ಪ್ಲಂಬರ್ ಕರೆದು ಹಾಕಿಸಬೇಕು. ನೀರು ತಾನೇ ತುಂಬಿ ತಾನೇ ನಿಲ್ಲುತ್ತದೆ, ನಸುಕಿನಲ್ಲಿ ಕೂಸು ಹೊತ್ತು ನಿಲ್ಲುವ ಪಾಡು ತಪ್ಪುತ್ತದೆ. ಎರಡನೇ ಸಿಲಿಂಡರ್ ತುಂಬಿಸಿ ಇಡಬೇಕು. ಕೂಸಿಗೆ ಸೊಳ್ಳೆಪರದೆ, ಒಳಗೆ ಬಟ್ಟೆ ಒಣಗಿಸಲು ಹಗ್ಗ, ಮುಚ್ಚಳವಿರುವ ಎರಡು ಬಕೆಟ್ಟು ಬೇಕು. ಫ್ರಿಜ್‌ನಲ್ಲಿರುವ ಹಳೆಯದನ್ನೆಲ್ಲ ತೆಗೆದು ಒರೆಸಿರಬೇಕು.

ತವರಿಂದ ಬರುವಾಗ ನೀವು ತರಬೇಕಾದದ್ದು ಕಾಗದಪತ್ರ ಮತ್ತು ತಿನಿಸು. ತಾಯಿ ಕಾರ್ಡನ್ನು, ಅಂದರೆ ಬಸಿರು, ಹೆರಿಗೆ, ಲಸಿಕೆಯ ವಿವರ ಬರೆದಿರುವ ಸರ್ಕಾರಿ ಕಾರ್ಡನ್ನು, ಬಟ್ಟೆಗಳ ನಡುವೆ ಇಡಬೇಡಿ, ಕೈಚೀಲದಲ್ಲೇ ಇರಲಿ. ಕೂಸಿನ ಜನನ ನೋಂದಣಿ ಆಗುವುದು ಹುಟ್ಟಿದ ಊರಲ್ಲೇ. ನನ್ನ ಮಗಳದ್ದು ಚಳ್ಳಕೆರೆಯಲ್ಲಿ ಆಯಿತು. 21 ದಿನದೊಳಗೆ ನೋಂದಣಿಯಾದರೆ ತೊಡಕಿಲ್ಲ. ಹೆರಿಗೆ ಆಸ್ಪತ್ರೆಯಲ್ಲಾಗಿದ್ದರೆ ಮಾಹಿತಿ ಅಲ್ಲಿಂದಲೇ ಹೋಗುತ್ತದೆ, ಆದರೂ ಪ್ರಮಾಣಪತ್ರ ಕೈಗೆ ತೆಗೆದುಕೊಂಡೇ ಹೊರಡಿ. ತಂದೆ ತಾಯಿ ಹೆಸರಿನ ಅಕ್ಷರಗಳು ಆಧಾರ್‌ನಲ್ಲಿ ಇರುವಂತೆಯೇ ಇವೆಯಾ ಅಂತ ಅಲ್ಲೇ ನೋಡಿ. ನಾವು ನೋಡಿರಲಿಲ್ಲ. ಒಂದು ಅಕ್ಷರ ತಿದ್ದಿಸುವುದಕ್ಕೆ ಕೂಸು ಬಿಟ್ಟು ಎರಡು ಸಲ ಓಡಾಡಬೇಕಾಯಿತು.

ತಿನಿಸಿನ ವಿಷಯ ಅವ್ವನಿಗೆ ಬಿಡಿ. ಅಂಟಿನುಂಡೆ, ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ, ಒಂದು ಡಬ್ಬಿ ಕಟಕ ರೊಟ್ಟಿ ಬಂದರೆ ಮೊದಲ ಹದಿನೈದು ದಿನ ಅಡುಗೆಮನೆ ಅರ್ಧ ನಡೆದ ಹಾಗೆ.

ಹಂತ 2: ಮೂರು ದಿನ ಬರೀ ಬರೆದುಕೊಳ್ಳಿ

ಮನೆಗೆ ಬಂದ ಕೂಡಲೇ ವೇಳಾಪಟ್ಟಿ ಹಾಕಲು ಕೂರಬೇಡಿ. ಹಳೆಯ ಕ್ಯಾಲೆಂಡರಿನ ಹಾಳೆ ತಿರುಗಿಸಿ ಅಡುಗೆಮನೆ ಬಾಗಿಲಿಗೆ ಅಂಟಿಸಿ, ಪೆನ್ನು ಕಟ್ಟಿ ನೇತುಹಾಕಿ. ಯಾರು ಯಾವ ಕೆಲಸ ಮಾಡಿದರೂ ಒಂದೇ ಸಾಲಿನಲ್ಲಿ ಅಲ್ಲಿ ಬರೆಯಬೇಕು. ಮುಸುರೆ ತಿಕ್ಕಿದೆ, ಕಸ ಗಾಡಿಗೆ ಹಾಕಿದೆ, ಸಿಲಿಂಡರ್ ಬುಕ್ ಮಾಡಿದೆ, ಕೂಸಿನ ಉಗುರು ತೆಗೆದೆ, ಕರೆಂಟ್ ಬಿಲ್ ಕಟ್ಟಿದೆ, ಹೀಗೆ.

ನೆನಪಿಟ್ಟುಕೊಂಡದ್ದನ್ನೂ ಬರೆಯಿರಿ. ‘ಹಾಲು ಮುಗಿಯಿತೆಂದು ಗಮನಿಸಿದೆ’ ಅನ್ನುವುದೂ ಒಂದು ಸಾಲು. ‘ಅತ್ತೆಯವರ ಬಿಪಿ ಮಾತ್ರೆ ಮುಗಿಯುತ್ತೆ ಅಂತ ಹೇಳಿದೆ’ ಅನ್ನುವುದೂ ಒಂದು ಸಾಲು. ನಮ್ಮ ಹಾಳೆಯಲ್ಲಿ ಮೂರು ದಿನಕ್ಕೆ 41 ಕೆಲಸ ಬಂದವು. ಅದನ್ನು ಓದಿ ಯಜಮಾನರು ಬಹಳ ಹೊತ್ತು ಸುಮ್ಮನಿದ್ದರು. ಆ ಹಾಳೆ ನನ್ನ ಪರವಾಗಿ ಮಾತಾಡಿತು, ನಾನು ದೂರು ಹೇಳುವ ಅಗತ್ಯವೇ ಬೀಳಲಿಲ್ಲ.

ಹಂತ 3: ಮೂರು ರಾಶಿ

ಬರೆದ ಕೆಲಸಗಳನ್ನು ಮೂರು ರಾಶಿ ಮಾಡಿ: ಇವತ್ತೇ ಆಗಬೇಕಾದ್ದು, ಎರಡು ದಿನ ತಡೆಯುವಂಥದ್ದು, ಕೂಸಿಗೆ ವರ್ಷ ತುಂಬುವವರೆಗೆ ಬಿಟ್ಟೇಬಿಡುವಂಥದ್ದು.

ಮೊದಲನೆಯದು ಚಿಕ್ಕದಾಗಿರಬೇಕು. ಕೂಸಿನ ಬಟ್ಟೆ, ಎರಡು ಹೊತ್ತಿನ ಊಟ, ಮುಸುರೆ, ಕಸ, ಕುಡಿಯುವ ನೀರು, ಕೂಸು ಮಲಗುವ ಕೋಣೆಯ ನೆಲ. ನಮ್ಮಲ್ಲಿ ಇಷ್ಟೇ.

ಮೂರನೇ ರಾಶಿಗೆ ಹಾಕಲು ಧೈರ್ಯ ಬೇಕು. ದಿನಾ ರೊಟ್ಟಿ ಬಡಿಯುವುದನ್ನು ನಾನು ಅಲ್ಲಿಗೆ ಹಾಕಿದೆ. ನಮ್ಮ ಓಣಿಯ ಹಿಂದೆಯೇ ಮನೆಯಲ್ಲಿ ಜೋಳದ ರೊಟ್ಟಿ ಮಾಡಿ ಮಾರುವ ಅಕ್ಕ ಇದ್ದಾರೆ. ಇಂಥವರು ಈ ಊರಿನ ಹೆಚ್ಚುಕಡಿಮೆ ಎಲ್ಲಾ ಬಡಾವಣೆಯಲ್ಲೂ ಸಿಗುತ್ತಾರೆ. ಇಸ್ತ್ರಿ, ಇಡೀ ಮನೆ ದಿನಾ ಒರೆಸುವುದು, ಅಟ್ಟದ ಪಾತ್ರೆ ಇಳಿಸಿ ತೊಳೆಯುವುದು ಎಲ್ಲಾ ಹೋದವು. ಯುಗಾದಿಗೆ ಇಡೀ ಮನೆ ತೊಳೆಯದೆ ದೇವರ ಮನೆ, ಹೊಸ್ತಿಲು ಮಾತ್ರ ತೊಳೆದು ಬೇವು ಬೆಲ್ಲ ಹಂಚಿದೆವು. ಅತ್ತೆಯವರು ಏನನ್ನುತ್ತಾರೋ ಅಂತ ಅಳುಕಿತ್ತು. “ಕೂಸಿದ್ದ ಮನಿ ಹಂಗಾ ಇರತೈತಿ ಬಿಡವ್ವ, ನೀ ಮೊದಲು ಉಣ್ಣು” ಅಂದರು. ಎಲ್ಲರ ಮನೆಯಲ್ಲೂ ಈ ಮಾತು ಬರುವುದಿಲ್ಲ, ಗೊತ್ತು. ಅಲ್ಲಿ ಹಿರಿಯರಿಗೆ ಮಗನೇ ಹೇಳಬೇಕು, ಸೊಸೆಯಲ್ಲ.

ಹಂತ 4: ನೀರಿನ ದಿನವನ್ನು ಮನೆಯ ಗೂಟ ಮಾಡಿಕೊಳ್ಳಿ

ದಾವಣಗೆರೆಯಲ್ಲಿ ಮನೆ ನಡೆಯುವುದು ಗಡಿಯಾರಕ್ಕಿಂತ ಹೆಚ್ಚಾಗಿ ನೀರು ಬಿಡುವ ದಿನದ ಮೇಲೆ. ನಮ್ಮ ನೀರು ಹರಿಹರದ ಹತ್ತಿರ ರಾಜನಹಳ್ಳಿಯಲ್ಲಿ ತುಂಗಭದ್ರೆಯಿಂದ ಎತ್ತಿದ್ದು, ಇಲ್ಲವೇ ಭದ್ರಾ ನಾಲೆಯಿಂದ ಕುಂದವಾಡ ಕೆರೆಗೆ, ಟಿವಿ ಸ್ಟೇಷನ್ ಕೆರೆಗೆ ತುಂಬಿಸಿದ್ದು. ಬೇಸಿಗೆಯಲ್ಲಿ ಹೊಳೆ ಬತ್ತುತ್ತಾ ಬಂದರೆ, ನಾಲೆ ನಿಂತರೆ, ಸರದಿ ದೂರವಾಗುತ್ತದೆ. ಹಾಗಾಗಿ ಮನೆಯ ವಾರವನ್ನು ಸೋಮವಾರದಿಂದ ಎಣಿಸದೆ ನೀರಿನ ದಿನದಿಂದ ಎಣಿಸಿ.

ನೀರು ಬಂದ ದಿನ: ಹಾಸಿಗೆ ಬಟ್ಟೆ, ಕೌದಿ, ದುಪಟಿ ಒಗೆಯುವುದು, ಬಚ್ಚಲು ತಿಕ್ಕುವುದು, ಎಲ್ಲಾ ಕೊಡ ಮತ್ತು ಡ್ರಮ್ಮು ಖಾಲಿ ಮಾಡಿ ಉಜ್ಜಿ ಮತ್ತೆ ತುಂಬುವುದು. ಅವತ್ತು ಅಡುಗೆ ಸರಳ, ಅನ್ನ ಸಾರಷ್ಟೇ.

ಎರಡನೇ ದಿನ: ದೊಡ್ಡವರ ಬಟ್ಟೆ, ನೆಲ.

ಆಮೇಲಿನ ದಿನಗಳು: ಕೂಸಿನ ಬಟ್ಟೆ ಬಿಟ್ಟು ಬೇರೆ ಒಗೆತ ಇಲ್ಲ. ಸಂತೆ, ಬಿಲ್ಲು, ಆಸ್ಪತ್ರೆ, ನೆಂಟರು, ಎಲ್ಲವೂ ಈ ದಿನಗಳಿಗೆ.

ನೀರು ಕೂಡಿಡುವ ಊರಲ್ಲಿ ಕೂಸಿನ ಮನೆಯವರು ಮರೆಯಬಾರದ ಮಾತೊಂದಿದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ಇಂಥ ತಿಳಿನೀರಿನಲ್ಲೇ. ಬೆಚ್ಚಗಿನ ದಿನಗಳಲ್ಲಿ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಆದ್ದರಿಂದ ವಾರಕ್ಕೊಮ್ಮೆಯಾದರೂ ಡ್ರಮ್ಮಿನ ಒಳಗೋಡೆಯನ್ನು ಬ್ರಷ್ಷಿನಿಂದ ಉಜ್ಜಬೇಕು, ಯಾಕೆಂದರೆ ಮೊಟ್ಟೆ ಗೋಡೆಗೆ ಅಂಟಿಕೊಂಡಿರುತ್ತದೆ, ಬರೀ ನೀರು ಚೆಲ್ಲಿದರೆ ಹೋಗುವುದಿಲ್ಲ. ಮುಚ್ಚಳ ಕೂರದ ಡ್ರಮ್ಮಿಗೆ ಹಳೆಯ ಪಂಚೆ ಬಿಗಿದು ಕಟ್ಟಿ. ಈ ಸೊಳ್ಳೆ ಹಗಲಲ್ಲೇ ಕಚ್ಚುವುದರಿಂದ ಕೂಸು ಹಗಲು ಮಲಗಿದಾಗಲೂ ಪರದೆ ಬೇಕು.

ಕುಡಿಯುವ ನೀರಿಗೆ ನಾಣ್ಯ ಹಾಕಿ 20 ಲೀಟರ್ ಕ್ಯಾನ್ ತುಂಬಿಸುವ ಶುದ್ಧ ನೀರಿನ ಘಟಕಕ್ಕೆ ಹೋಗುವವರಾದರೆ ಅದು ಪೂರ್ತಿ ಗಂಡಸರ ಕೆಲಸವಾಗಲಿ. ಹೆರಿಗೆಯಾದವರು, ಅದರಲ್ಲೂ ಆಪರೇಷನ್ ಆದವರು, ತುಂಬಿದ ಕ್ಯಾನ್ ಎತ್ತಬಾರದು.

ಹಂತ 5: ಕೆಲಸವನ್ನು ನೆನಪಿನ ಸಮೇತ ಒಪ್ಪಿಸಿ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಹಂತ ಇದು.

ಮೊದಮೊದಲು ನಮ್ಮ ಮನೆಯಲ್ಲಿ ಹೀಗೆ ನಡೆಯುತ್ತಿತ್ತು. ಅವರು ಚಪ್ಪಲಿ ಮೆಟ್ಟಿಕೊಂಡು, “ಏನು ತರಬೇಕು ಹೇಳು” ಅನ್ನುವರು. ಕೂಸು ಕಾಲ ಮೇಲೆ, ಎಣ್ಣೆ ಕೈ, ನಾನು ಅಲ್ಲಿಂದಲೇ ಡಬ್ಬಿಗಳನ್ನೆಲ್ಲ ಮನಸ್ಸಿನಲ್ಲಿ ತೆಗೆದು ನೋಡಬೇಕು. ತೊಗರಿಬೇಳೆ ಇದೆಯಾ, ಸಬ್ಬಸಿಗೆ ಸೊಪ್ಪು ಬೇಕಾ, ಸೋಪು ಮುಗಿಯಿತಾ. ಹೇಳಿದ್ದನ್ನು ತರುವರು, ಹೇಳಲು ಮರೆತದ್ದು ನನ್ನ ತಪ್ಪಾಗುತ್ತಿತ್ತು.

ಈಗ ದಿನಸಿ ಪೂರ್ತಿ ಅವರದು. ಯಾವುದು ಮುಗಿಯುತ್ತಿದೆ ಅಂತ ಡಬ್ಬಿ ತೆರೆದು ನೋಡುವುದು, ಬರೆದುಕೊಳ್ಳುವುದು, ತರುವುದು, ಡಬ್ಬಿಗೆ ಸುರಿಯುವುದು, ಹಳೆಯದನ್ನು ಮುಂದಕ್ಕೆ ಇಡುವುದು, ಇಷ್ಟೂ ಸೇರಿ ಒಂದು ಕೆಲಸ. ನನ್ನನ್ನು ಕೇಳುವ ಹಾಗಿಲ್ಲ. ಮೊದಲ ವಾರ ಸಾಸಿವೆ ಇಲ್ಲದೆ ಒಗ್ಗರಣೆ ಹಾಕಿದೆವು. ನಾನು ನೆನಪಿಸಲಿಲ್ಲ, ಬಹಳ ಕಷ್ಟಪಟ್ಟು ಬಾಯಿ ಮುಚ್ಚಿಕೊಂಡೆ. ಎರಡನೇ ವಾರದಿಂದ ಸಾಸಿವೆ ಯಾವತ್ತೂ ತಪ್ಪಿಲ್ಲ.

ನಾವು ಹಂಚಿಕೊಂಡದ್ದು ಹೀಗೆ. ನೀರು, ದಿನಸಿ, ಸಿಲಿಂಡರ್, ಬಿಲ್ಲುಗಳು, ಕಸ, ರಾತ್ರಿಯ ಮುಸುರೆ, ಲಸಿಕೆಯ ತಾರೀಕು ಅವರಿಗೆ. ಕೂಸಿನ ಊಟ, ಬಟ್ಟೆಯ ಲೆಕ್ಕ, ಬೆಳಗಿನ ಅಡುಗೆ, ನೆಂಟರ ಫೋನು ನನಗೆ. ಕೂಸಿನ ಸ್ನಾನ ಪಾಳಿ ನೋಡಿಕೊಂಡು ಇಬ್ಬರಿಗೂ.

ಒಪ್ಪಿಸುವವರು ಪಾಲಿಸಬೇಕಾದ ನಿಯಮ ಒಂದೇ: ಅವರು ಮಾಡಿದ್ದನ್ನು ನೀವು ಮತ್ತೆ ಮಾಡಬೇಡಿ. ಅವರು ಮಡಿಸಿದ ಲಂಗೋಟಿ ನಿಮ್ಮ ಮಡಿಕೆಯ ಹಾಗೆ ಇರುವುದಿಲ್ಲ. ಇರಲಿ. ಒಮ್ಮೆ ಬಿಚ್ಚಿ ಮತ್ತೆ ಮಡಿಸಿದರೆ ಆ ಕೆಲಸ ಮರುದಿನ ನಿಮ್ಮ ಕೈಗೇ ವಾಪಸ್ಸು ಬರುತ್ತದೆ. ಕೂಸಿಗೆ ಅಪಾಯವಾಗುವ ವಿಷಯ ಇದ್ದರೆ ಮಾತ್ರ ಬಾಯಿ ತೆರೆಯಿರಿ.

ಪಾಳಿ ಕೆಲಸದವರ ಮನೆಗೆ ಒಂದು ಮಾತು. ಬೆಳಗಿನ ಪಾಳಿಯ ವಾರ ಗಂಡ ಮಧ್ಯಾಹ್ನ ಮನೆಗೆ ಬರುತ್ತಾರೆ, ಊಟವಾದ ಮೇಲೆ ಎರಡು ತಾಸು ಕೂಸು ಅವರದು, ಆಗ ನಿಮ್ಮ ನಿದ್ದೆ. ಎರಡನೇ ಪಾಳಿಯ ವಾರ ಬೆಳಗಿನ ಸ್ನಾನ, ಎಣ್ಣೆ ತಿಕ್ಕುವುದು ಅವರದು. ರಾತ್ರಿ ಪಾಳಿಯ ವಾರವೇ ಕಷ್ಟದ ವಾರ. ಹಗಲು ಅವರಿಗೂ ನಿದ್ದೆ ಬೇಕು, ಯಂತ್ರದ ಮುಂದೆ ತೂಕಡಿಸಿದರೆ ಜೀವಕ್ಕೇ ಅಪಾಯ. ಆ ವಾರಕ್ಕೆ ಅತ್ತೆಯವರನ್ನೋ ಅವ್ವನನ್ನೋ ಮೊದಲೇ ಕೇಳಿ ಕರೆಸಿಕೊಳ್ಳಿ. ನಾವು ಪಾಳಿಯ ಪಟ್ಟಿ ಬಂದ ದಿನವೇ ಊರಿಗೆ ಫೋನ್ ಮಾಡುತ್ತೇವೆ.

ಹಂತ 6: ಕೂಸಿನ ದಿನವನ್ನು ಗಮನಿಸಿ, ಅದರ ಸುತ್ತ ಮನೆ ಕಟ್ಟಿ

ಹುಟ್ಟಿದ ಮೊದಲ ವಾರಗಳಲ್ಲಿ ಕೂಸು 24 ತಾಸಿನಲ್ಲಿ 8ರಿಂದ 12 ಸಲ ಹಾಲು ಕುಡಿಯುತ್ತದೆ. ಅದಕ್ಕೆ ವೇಳಾಪಟ್ಟಿ ಹಾಕಲು ಹೋದರೆ ಕೂಸೂ ಸೊರಗುತ್ತದೆ, ತಾಯಿಯ ಹಾಲೂ ಇಳಿಯುತ್ತದೆ. ಅತ್ತಾಗ ಅಲ್ಲ, ಬಾಯಿ ತಿರುಗಿಸಿ ಹುಡುಕಿದಾಗಲೇ, ಕೈ ಬಾಯಿಗೆ ಒಯ್ದಾಗಲೇ ಕೊಡಿ. ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರೋ ಹೆಚ್ಚೋ ಸಲ ಉಚ್ಚೆ ಹೊಯ್ದು ತೂಕ ಏರುತ್ತಿದ್ದರೆ ಹಾಲು ಸಾಕಾಗುತ್ತಿದೆ ಎಂದೇ ಅರ್ಥ. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಬೇರೇನೂ ಬೇಡ. ನಮ್ಮ ಏಪ್ರಿಲ್ ಬಿಸಿಲಲ್ಲೂ ಚಮಚ ನೀರು ಬೇಡ, ಅದರ ಬಾಯಾರಿಕೆಗೆ ಬೇಕಾದ ನೀರು ಎದೆಹಾಲಿನಲ್ಲೇ ಇದೆ. ಬಾಯಾರುವುದು ತಾಯಿಗೆ. ಹಾಲು ಕೊಡಲು ಕೂರುವ ಪ್ರತಿ ಜಾಗದಲ್ಲೂ ಒಂದು ತಂಬಿಗೆ ನೀರು ಇರಲಿ.

ನಾಲ್ಕೈದು ತಿಂಗಳಿಗೆ ಕೂಸಿನ ದಿನಕ್ಕೊಂದು ಲಯ ಬರುತ್ತದೆ. ಒಂದು ವಾರ ನಿದ್ದೆಯ ಹೊತ್ತು ಗುರುತು ಹಾಕಿ ನೋಡಿ. ನಮ್ಮವಳು ಎಣ್ಣೆ ನೀರು ಆದ ಮೇಲೆ ಒಂಬತ್ತೂವರೆಯಿಂದ ಒಂದೂವರೆ ತಾಸು ಕದಲುತ್ತಿರಲಿಲ್ಲ. ಇಡೀ ದಿನದಲ್ಲಿ ನನಗೆ ಸಿಗುವ ದೊಡ್ಡ ಬಿಡುವು ಅದೊಂದೇ. ಆ ಬಿಡುವನ್ನು ಮೊದಲು ನಾನು ಒಗೆಯುವುದಕ್ಕೆ ಸುರಿದೆ, ಸಂಜೆಗೆ ತಲೆ ತಿರುಗುತ್ತಿತ್ತು. ಈಗ ಅನುಕ್ರಮ ಹೀಗಿದೆ: ಮೊದಲು ಕೂತು ತಿಂಡಿ ತಿನ್ನುವುದು, ಆಮೇಲೆ ನನ್ನ ಸ್ನಾನ, ಉಳಿದ ಹೊತ್ತು ಮಲಗುವುದು. ಕೂಸು ಎಚ್ಚರವಿದ್ದಾಗಲೂ ಮಾಡಬಹುದಾದ ಕೆಲಸಕ್ಕೆ ಅದರ ನಿದ್ದೆಯ ಹೊತ್ತು ಕೊಡಬೇಡಿ. ಸೊಪ್ಪು ಬಿಡಿಸುವುದು, ಬಟ್ಟೆ ಮಡಿಸುವುದು, ಕಾಳು ಸುಲಿಯುವುದು ಎಲ್ಲಾ ಚಾಪೆಯ ಮೇಲೆ ಅವಳನ್ನು ಪಕ್ಕದಲ್ಲಿ ಮಲಗಿಸಿಕೊಂಡು ಮಾತಾಡುತ್ತಾ ಆಗುತ್ತದೆ.

ನೀರು ಹಾಕಿದ ಮೇಲೆ ಸಾಂಬ್ರಾಣಿ ಹೊಗೆ ಹಿಡಿಯುವ ರೂಢಿ ನಮ್ಮಲ್ಲೂ ಇದೆ. ಎಂಥ ಹೊಗೆಯಾದರೂ ಹಸುಗೂಸಿನ ಉಸಿರಾಟಕ್ಕೆ ಒಳ್ಳೆಯದಲ್ಲ, ನಾವು ಬಿಟ್ಟಿದ್ದೇವೆ. ಮೂಗಿಗೆ ಕಿವಿಗೆ ಎಣ್ಣೆ ಬಿಡುವುದನ್ನೂ ಬಿಟ್ಟಿದ್ದೇವೆ. ಎಣ್ಣೆ ಮೈಗೆ, ಕೈಯ ಪ್ರೀತಿ ಮೈಗೆ, ಅಷ್ಟು ಸಾಕು. ಮಲಗಿಸುವಾಗ ಬೆನ್ನ ಮೇಲೆ, ದಿಂಬಿಲ್ಲದೆ, ಮುಖದ ಹತ್ತಿರ ಮೆತ್ತನೆಯ ಬಟ್ಟೆ ಇಲ್ಲದೆ ಮಲಗಿಸಿ.

ಹಂತ 7: ಬಟ್ಟೆಯ ವ್ಯವಸ್ಥೆ

ನಮ್ಮ ಊರು ಒಂದು ಕಾಲಕ್ಕೆ ಹತ್ತಿ ಗಿರಣಿಗಳ ಊರು. ನಮ್ಮ ಮಾವನವರ ಟ್ರಂಕಿನಲ್ಲಿ ಆ ಕಾಲದ ಪಂಚೆಗಳು ಇನ್ನೂ ಇದ್ದವು. ಒಗೆದೂ ಒಗೆದೂ ಬೆಣ್ಣೆಯ ಹಾಗೆ ಮೆತ್ತಗಾದ ಬಟ್ಟೆ. ಅತ್ತೆಯವರು ಅವನ್ನು ಚೌಕ ಹರಿದು ಲಂಗೋಟಿ ಮಾಡಿದರು. ಅಜ್ಜನ ಪಂಚೆಯ ಅಂಚಿನ ಕೆಂಪು ಗೆರೆ ಈಗ ಮೊಮ್ಮಗಳ ಸೊಂಟದ ಮೇಲೆ ಇದೆ. ಅದನ್ನು ಹಗ್ಗದ ಮೇಲೆ ಸಾಲಾಗಿ ಒಣಹಾಕಿದಾಗ ನನಗೆ ಹೇಳಲಾಗದ ಸಂತೋಷ.

ಲೆಕ್ಕ ಹೀಗೆ. ಎಳೆ ಕೂಸಿಗೆ 30 ಚೌಕ ಬೇಕು. ಐದು ತಿಂಗಳ ಹೊತ್ತಿಗೆ 20 ಸಾಕು. ಇದಕ್ಕಿಂತ ಕಡಿಮೆ ಇದ್ದರೆ ದಿನಕ್ಕೆ ಎರಡು ಸಲ ಒಗೆಯಬೇಕಾಗುತ್ತದೆ, ಹೆಚ್ಚಿದ್ದರೆ ರಾಶಿ ಬೀಳುತ್ತದೆ. ಮುಚ್ಚಳದ ಬಕೆಟ್ಟು ಎರಡು: ಒಂದು ಉಚ್ಚೆಯ ಬಟ್ಟೆಗೆ, ಇನ್ನೊಂದು ಕಕ್ಕದ ಬಟ್ಟೆಗೆ. ಎರಡನೆಯದನ್ನು ಬಕೆಟ್ಟಿಗೆ ಹಾಕುವ ಮೊದಲೇ ತಣ್ಣೀರಲ್ಲಿ ಜಾಡಿಸಿ. ಬಿಸಿನೀರು ಸುರಿದರೆ ಕಲೆ ಕೂತುಬಿಡುತ್ತದೆ. ಜಾಡಿಸಿದ ನೀರನ್ನು ಕಕ್ಕಸಿಗೇ ಚೆಲ್ಲಿ, ಚರಂಡಿಗಲ್ಲ. ಆಮೇಲೆ ಕೈಗೆ ಸೋಪು. ಬೆಳಗ್ಗೆ ಒಂದೇ ಸಲ ಎಲ್ಲಾ ಸೇರಿಸಿ, ಸೋಪಿನ ಅಂಶ ಹೋಗುವಷ್ಟು ಎರಡು ನೀರಲ್ಲಿ ಹಿಂಡಿ. ಸೋಪು ಉಳಿದರೆ ತೊಡೆಯ ಸಂದಿ ಕೆಂಪಾಗುತ್ತದೆ. ಕೊನೆಯ ನೀರನ್ನು ಚೆಲ್ಲದೆ ಅಂಗಳ ತೊಳೆಯಲು ಇಟ್ಟುಕೊಳ್ಳಿ.

ಬೇಸಿಗೆಯಲ್ಲಿ ತಾಸಿನೊಳಗೆ ಒಣಗುತ್ತವೆ. ಬಿಸಿಲು ಬಿದ್ದಷ್ಟೂ ಒಳ್ಳೆಯದು. ಜಿಟಿಜಿಟಿ ಮಳೆಯ ವಾರಕ್ಕೆ ಒಳಗಿನ ಹಗ್ಗ, ಫ್ಯಾನು, ಮತ್ತು ಹತ್ತು ಚೌಕ ಹೆಚ್ಚು. ಹೊರಗೆ ಹೋಗುವಾಗ, ರಾತ್ರಿ ಪಾಳಿಯ ವಾರದಲ್ಲಿ, ನಾನು ಡೈಪರ್ ಹಾಕುತ್ತೇನೆ. ಅದರಲ್ಲಿ ತಪ್ಪೇನೂ ಇಲ್ಲ, ಮೂರು ನಾಲ್ಕು ತಾಸಿಗೊಮ್ಮೆ ಬದಲಿಸಿ, ಕಾಗದದಲ್ಲಿ ಸುತ್ತಿ ಕಸದ ಗಾಡಿಯವರಿಗೆ ಬೇರೆಯಾಗಿ ಕೊಡಿ.

ಹಂತ 8: ಅಡುಗೆಮನೆ

ಬೆಳಗ್ಗೆ ಒಮ್ಮೆ ಒಲೆ ಹಚ್ಚಿದರೆ ಎರಡು ಹೊತ್ತಿನದ್ದು ಆಗಬೇಕು. ಬೇಳೆಯನ್ನು ಹೆಚ್ಚಾಗಿ ಬೇಯಿಸಿ ಅರ್ಧ ತೆಗೆದಿಡಿ, ಬೆಳಗ್ಗೆ ಸೊಪ್ಪಿನ ಪಲ್ಯ, ರಾತ್ರಿ ಅದೇ ಬೇಳೆಗೆ ಸಾರು. ಕಾಳು ನೆನೆಹಾಕುವುದು ರಾತ್ರಿಯ ಮುಸುರೆಯ ಜೊತೆಯ ಕೆಲಸ. ಹಾಲುಣಿಸುವ ತಾಯಿಗೆ ಮೊದಲ ಆರು ತಿಂಗಳು ಮಾಮೂಲಿಗಿಂತ ದಿನಕ್ಕೆ ಸುಮಾರು 600 ಕ್ಯಾಲರಿ ಹೆಚ್ಚು ಬೇಕು. ಅಂದರೆ ಇನ್ನೊಂದು ಪುಟ್ಟ ಊಟವೇ. ಅದನ್ನು ಯಾರೂ ತಂದುಕೊಡದ ಮನೆಯಲ್ಲಿ ಕೈಗೆ ಸಿಗುವ ಹಾಗೆ ಇಡಬೇಕು. ನಾನು ಹಾಸಿಗೆಯ ಪಕ್ಕ ಒಂದು ಟಿನ್ ಇಟ್ಟಿದ್ದೇನೆ. ಬೆಳ್ಳುಳ್ಳಿ, ಶೇಂಗಾ, ಪುಟಾಣಿ ಹಾಕಿ ಒಗ್ಗರಣೆ ಕೊಟ್ಟ ಗರಿಗರಿ ಮಂಡಕ್ಕಿ. ನಡುರಾತ್ರಿ ಹಾಲು ಕೊಟ್ಟ ಮೇಲೆ ಹೊಟ್ಟೆ ಕಿತ್ತುಕೊಂಡು ಬರುತ್ತದೆ ನೋಡಿ, ಆ ಹೊತ್ತಿಗೆ ಎರಡು ಮುಷ್ಟಿ ಮಂಡಕ್ಕಿ, ಒಂದು ಅಂಟಿನುಂಡೆ. ಹೆರಿಗೆಯಾದ ಮೇಲೆ 180 ದಿನ ತೆಗೆದುಕೊಳ್ಳುವ ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆಗಳನ್ನೂ ಮರೆಯಬೇಡಿ. ಎರಡನ್ನೂ ಒಟ್ಟಿಗೆ ನುಂಗಬಾರದು. ಒಂದು ಬೆಳಗಿನ ತಟ್ಟೆಯ ಪಕ್ಕ, ಇನ್ನೊಂದು ರಾತ್ರಿಯ ತಟ್ಟೆಯ ಪಕ್ಕ ಇಟ್ಟರೆ ತಪ್ಪುವುದಿಲ್ಲ.

ಹಂತ 9: ಬಂದವರು, ನೆರವಾಗುವವರು

ಕೂಸು ನೋಡಲು ಬರುವವರಿಗೆ ಹೊತ್ತು ಹೇಳಿ: “ನಾಲ್ಕರ ಮೇಲೆ ಬರ್ರಿ, ಎದ್ದಿರ್ತಾಳೆ.” ಬಂದವರು ಕೈ ತೊಳೆದು ಎತ್ತಿಕೊಳ್ಳಲಿ, ನೆಗಡಿ ಇದ್ದವರು ದೂರದಿಂದ ನೋಡಲಿ. “ಏನಾದರೂ ಬೇಕಾ” ಅಂತ ಫೋನಲ್ಲಿ ಕೇಳುವ ಆಪ್ತರಿಗೆ “ಏನೂ ಬೇಡ” ಅನ್ನಬೇಡಿ. “ಬರುವಾಗ ಹತ್ತು ರೊಟ್ಟಿ ಕಟ್ಟಿಸಿಕೊಂಡು ಬಾ ಅಕ್ಕ” ಅನ್ನಿ. ಕೇಳಿಸಿಕೊಂಡವರಿಗೂ ಅದು ಹಿತ.

ಕೆಲಸದವರನ್ನು ಇಟ್ಟುಕೊಳ್ಳುವ ಶಕ್ತಿ ಇದ್ದರೆ ಈ ಒಂದು ವರ್ಷ ಇಟ್ಟುಕೊಳ್ಳಿ, ಕಸ ಮುಸುರೆಗೆ ಮಾತ್ರ ಆದರೂ. ಆಶಾ ಕಾರ್ಯಕರ್ತೆ ಮನೆಗೆ ಬಂದು ಹಸುಗೂಸನ್ನು ನೋಡುವುದು 3, 7, 14, 21, 28, 42ನೇ ದಿನ. ತವರಲ್ಲಿ ಇದ್ದರೆ ಅಲ್ಲಿಯವರೇ ಬರುತ್ತಾರೆ. ಊರು ಬದಲಿಸಿದ ಮೇಲೆ ಇಲ್ಲಿನ ಅಂಗನವಾಡಿಗೆ ಹೋಗಿ ತಾಯಿ ಕಾರ್ಡ್ ತೋರಿಸಿ ಹೆಸರು ಬರೆಸಿ. ಕೂಸಿನ ತೂಕ, ಬಾಣಂತಿಯ ಪೌಷ್ಟಿಕ ಆಹಾರ ಅಲ್ಲಿಂದ ಸಿಗುತ್ತದೆ.

ಹಂತ 10: ತಾರೀಕುಗಳು ಗೋಡೆಯ ಮೇಲೆ

ಲಸಿಕೆ ಹುಟ್ಟಿದಾಗ, ಆಮೇಲೆ 6, 10, 14 ವಾರಕ್ಕೆ, ಮತ್ತೆ 9 ತಿಂಗಳು ತುಂಬಿದ ಮೇಲೆ, 16ರಿಂದ 24 ತಿಂಗಳ ನಡುವೆ. ಸರ್ಕಾರಿ ಆಸ್ಪತ್ರೆ, ಆರೋಗ್ಯ ಕೇಂದ್ರಗಳಲ್ಲಿ ದುಡ್ಡಿಲ್ಲ, ಬೇರೆ ಊರಲ್ಲಿ ಶುರುವಾಗಿದ್ದರೂ ಕಾರ್ಡ್ ತೋರಿಸಿ ಮುಂದುವರಿಸಬಹುದು. ಲಸಿಕೆಯ ಮರುದಿನ ಮನೆಯ ಪಟ್ಟಿಯಲ್ಲಿ ಏನೂ ಬರೆಯಬೇಡಿ. ಕೂಸಿಗೆ ಮೈ ಬೆಚ್ಚಗಾಗಬಹುದು, ಇಡೀ ದಿನ ಹೆಗಲು ಬೇಡುತ್ತದೆ. ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಜ್ವರ ಬಂದರೆ ಮನೆಮದ್ದು ನೋಡುತ್ತಾ ಕೂರದೆ ಕೂಡಲೇ ವೈದ್ಯರ ಹತ್ತಿರ ಹೋಗಿ. 108 ನಂಬರ್ ಗೋಡೆಯ ಮೇಲೆ ದೊಡ್ಡದಾಗಿ ಬರೆದಿರಲಿ.

ಹಂತ 11: ನೌಕರಿಗೆ ಮರಳುವವರಿಗೆ

ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ಹೆರಿಗೆ ರಜೆ ಕಾನೂನಿನಲ್ಲಿದೆ. 2017ರ ತಿದ್ದುಪಡಿಯಿಂದ ಬಂದದ್ದು. 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಮಕ್ಕಳ ಪಾಲನಾ ಕೋಣೆ ಇರಬೇಕು, ದಿನಕ್ಕೆ ನಾಲ್ಕು ಸಲ ಕೂಸಿನ ಹತ್ತಿರ ಹೋಗಿಬರಲು ಬಿಡಬೇಕು. ನಾನು ಶಾಲೆಗೆ ಮರಳುವ ಹದಿನೈದು ದಿನ ಮೊದಲೇ ತಾಲೀಮು ಶುರು ಮಾಡಿದೆವು. ಅತ್ತೆಯವರು ಒಂದು ತಾಸು, ಆಮೇಲೆ ಎರಡು, ಆಮೇಲೆ ಅರ್ಧ ದಿನ ಕೂಸನ್ನು ನೋಡಿಕೊಂಡರು. ನಾನು ಮೇಲಿನ ಕೋಣೆಯಲ್ಲಿದ್ದೆ, ಕರೆದರೂ ಇಳಿಯಲಿಲ್ಲ.

ಹಿಂಡಿಟ್ಟ ಎದೆಹಾಲು 25 ಡಿಗ್ರಿ ಒಳಗಿನ ತಂಪಿನಲ್ಲಿ 4 ತಾಸು, ಫ್ರಿಜ್‌ನಲ್ಲಿ 4 ದಿನ ಇರುತ್ತದೆ. ನಮ್ಮ ಬೇಸಿಗೆಯ ಕೋಣೆ ಎಲ್ಲಿ 25 ಡಿಗ್ರಿ ಇರುತ್ತದೆ? ಹಿಂಡಿದ ಕೂಡಲೇ ಫ್ರಿಜ್‌ನ ಒಳಭಾಗಕ್ಕೆ ಇಡಿ, ಬಾಗಿಲಿನ ಗೂಡಿನಲ್ಲಿ ಬೇಡ. ಒಲೆಯ ಮೇಲೆ ಕಾಯಿಸದೆ ಬಿಸಿನೀರಿನ ಬಟ್ಟಲಲ್ಲಿ ಇಟ್ಟು ಬೆಚ್ಚಗೆ ಮಾಡಿ, ಒಳಲೆಯಲ್ಲೋ ಚಮಚದಲ್ಲೋ ಕುಡಿಸಿ. ಕುಡಿದು ಮಿಕ್ಕಿದ್ದನ್ನು ಎರಡು ತಾಸಿನೊಳಗೆ ಬಳಸಿ, ಇಲ್ಲವೇ ಚೆಲ್ಲಿ.

ಹಂತ 12: ತಾಯಿಯ ಮನಸ್ಸು ಪಟ್ಟಿಯ ಮೇಲಿರಲಿ

ಹೆರಿಗೆಯಾದ ಮೊದಲ ದಿನಗಳಲ್ಲಿ ಕಾರಣವಿಲ್ಲದೆ ಅಳು ಬರುವುದು ಸಹಜ, ತಾನಾಗಿ ಹೋಗುತ್ತದೆ. ಎರಡು ವಾರ ದಾಟಿದರೂ ಹೋಗದಿದ್ದರೆ, ಕೂಸು ಮಲಗಿದರೂ ನಿಮಗೆ ನಿದ್ದೆ ಬಾರದಿದ್ದರೆ, ಯಾವುದೂ ಬೇಡವೆನಿಸಿದರೆ, ಕೂಸಿನ ಮೇಲೋ ನಿಮ್ಮ ಮೇಲೋ ಕೆಟ್ಟ ಯೋಚನೆ ಬಂದರೆ ಅದು ಕಾಯಿಲೆ, ಔಷಧಿ ಇರುವ ಕಾಯಿಲೆ. ಇದು ತಿಂಗಳುಗಳ ಮೇಲೂ ಶುರುವಾಗಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ. ಗಂಡಂದಿರಿಗೆ ಹೇಳುವುದಿಷ್ಟು: ಆಕೆ ಊಟ ಮಾಡಿದಳಾ, ಮಲಗಿದಳಾ ಅಂತ ದಿನಾ ನೋಡುವುದು ನಿಮ್ಮ ಕೆಲಸಗಳ ಪಟ್ಟಿಯ ಮೊದಲ ಸಾಲು.

ಹಂತ 13: ಭಾನುವಾರದ ಹತ್ತು ನಿಮಿಷ

ವಾರಕ್ಕೊಮ್ಮೆ, ಸಂಜೆ ಚಹಾದ ಜೊತೆ, ಪಟ್ಟಿ ಮುಂದಿಟ್ಟುಕೊಂಡು ಇಬ್ಬರೂ ಕೂತುಕೊಳ್ಳಿ. ಮುಂದಿನ ವಾರ ಯಾವ ಪಾಳಿ, ನೀರು ಯಾವತ್ತು ಬರಬಹುದು, ಯಾರಿಗೆ ಯಾವ ಕೆಲಸ ಭಾರವಾಯಿತು, ಯಾವುದನ್ನು ಬಿಡಬಹುದು, ಇಷ್ಟೇ ಮಾತು. ಹಳೆಯ ಜಗಳ ಆ ಹತ್ತು ನಿಮಿಷದಲ್ಲಿ ತೆಗೆಯಬಾರದು ಅಂತ ನಾವು ಒಪ್ಪಂದ ಮಾಡಿಕೊಂಡಿದ್ದೇವೆ.

ಕೂಸಿಗೆ ಆರು ತಿಂಗಳು ತುಂಬಿದ ವಾರ ಈ ಪಟ್ಟಿಯನ್ನು ಹೊಸದಾಗಿ ಬರೆಯಬೇಕಾಗುತ್ತದೆ, ಏಕೆಂದರೆ ಅವತ್ತಿನಿಂದ ಮನೆಯಲ್ಲಿ ಇನ್ನೊಬ್ಬರಿಗೆ ಊಟ ಬೇಕು. ರಾಗಿ ನೆನೆಹಾಕಿ ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಹುರಿದು, ಬೀಸಿ, ಬಟ್ಟೆಯಲ್ಲಿ ಸೋಸಿಡುವುದು ಮೂರು ನಾಲ್ಕು ದಿನದ ಕೆಲಸ, ಅದನ್ನು ನೀರಿನ ದಿನಕ್ಕೆ ಶುರು ಮಾಡಿ. ರಾಗಿ ಸರಿ ಕಾಯಿಸುವ ಪುಟ್ಟ ಪಾತ್ರೆ, ಬಟ್ಟಲು, ಚಮಚ ದೊಡ್ಡವರ ಮುಸುರೆಯ ಜೊತೆ ಸೇರಬಾರದು. ಕುದಿಸಿ ಆರಿಸಿದ ನೀರಿಗೆ ಬೇರೆ ತಂಬಿಗೆ. ನಮ್ಮ ಹಾಳೆಯಲ್ಲಿ ಆ ಭಾನುವಾರ ಯಜಮಾನರು ತಮ್ಮ ಹೆಸರಿನ ಕೆಳಗೆ ತಾವೇ ಬರೆದುಕೊಂಡದ್ದು: “ರಾಗಿ ಸರಿ, ಬೆಳಗ್ಗೆ ಎಂಟಕ್ಕೆ, ಬಟ್ಟಲು ತೊಳೆಯುವುದೂ ಸೇರಿ.”